ನಲವತ್ತು ಟಿಪ್ಪರು, ಒಂದು ಮರದ ಗಾಡಿ

ಆ ಕಾಲದಲ್ಲಿ ಲಾರಿ ಕಂಪನಿಯವರು ಇಂಜಿನ್ನು, ಚಾಸಿ, ಆರು ಗಾಲಿ ಇಷ್ಟನ್ನೇ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಡ್ರೈವರು ತಲೆಗೆ ಟವೆಲು ಸುತ್ತಿ, ಚಾಸಿಯ ಮೇಲೆ ಒಂದು ಹಲಗೆ ಕಟ್ಟಿಕೊಂಡು ಕೂತು, ಬಿಸಿಲು ಗಾಳಿ ಎಲ್ಲ ಮುಖಕ್ಕೆ ಹೊಡೆಸಿಕೊಳ್ಳುತ್ತ ಆ ಅಸ್ಥಿಪಂಜರವನ್ನು ಬಳ್ಳಾರಿಯವರೆಗೆ ಓಡಿಸಿಕೊಂಡು ಬರುತ್ತಿದ್ದ. ಅದಕ್ಕೆ ಮೈ ಕೊಡುವುದು ಇಲ್ಲಿನ ಬಡಗಿಗಳ ಕೆಲಸ. ಅಡಿಯ ಹಲಗೆ, ಪಕ್ಕದ ಹಲಗೆ, ಹಿಂದಿನ ಬಾಗಿಲು, ಡ್ರೈವರ ತಲೆಯ ಮೇಲಿನ ಕ್ಯಾಬಿನ್ನು ಎಲ್ಲವೂ ಮರದ್ದೇ. ಸತ್ಯನಾರಾಯಣಪೇಟೆಯ ಅಂಚಿನ ಒಂದು ಶೆಡ್ಡಿನಲ್ಲಿ ಮೂವತ್ತೆರಡು ವರ್ಷ ಹೀಗೆ ಲಾರಿಗಳಿಗೆ ಮೈ ಕೊಟ್ಟವರು ದಸ್ತಗೀರಸಾಬರು.

ಈ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಲಾರಿ ಶೆಡ್ಡು ಬಿಡುವ ದಿನ ಪೇಂಟರು ಬಂದು ಮೂರು ಹೆಸರು ಬರೆಯಬೇಕು. ದೇವರ ಹೆಸರು ಹಣೆಯ ಮೇಲೆ, ಮಾಲೀಕನ ಹೆಸರು ಬಾಗಿಲ ಮೇಲೆ, ಕಟ್ಟಿದವನ ಹೆಸರು ಬೆನ್ನಿನ ಮೇಲೆ. ಲಾರಿ ಕೈ ಬದಲಾದರೆ ಬಾಗಿಲ ಮೇಲಿನ ಹೆಸರೂ ಬದಲಾಗುತ್ತಿತ್ತು. ದೇವರು ಬದಲಾದದ್ದೂ ಉಂಟು. ಬೆನ್ನಿನ ಹೆಸರನ್ನು ಮಾತ್ರ ಯಾರೂ ಅಳಿಸುತ್ತಿರಲಿಲ್ಲ. ಅಳಿಸಿದರೆ ಅದು ಕಟ್ಟಿದವನ ಮುಖಕ್ಕೆ ಉಗಿದಂತೆ. 'ಬಾಡಿ: ದಸ್ತಗೀರಸಾಬ್, ಬಳ್ಳಾರಿ' ಎಂಬ ಹಳದಿ ಅಕ್ಷರಗಳು ಸಿರುಗುಪ್ಪದ ಅಕ್ಕಿ ಹೊತ್ತುಕೊಂಡು ಮದ್ರಾಸಿಗೂ, ಅಲ್ಲಿಂದ ಇನ್ನೇನೋ ಹೊತ್ತುಕೊಂಡು ಸೊಲ್ಲಾಪುರಕ್ಕೂ ಹೋಗಿಬರುತ್ತಿದ್ದವು. ದಸ್ತಗೀರಸಾಬರು ಸ್ವತಃ ಗುಂತಕಲ್ಲಿನಿಂದ ಆಚೆಗೆ ಕಾಲಿಟ್ಟವರಲ್ಲ. ಹೆಸರು ಹೋಗಿಬರುವಾಗ ಮನುಷ್ಯ ಯಾಕೆ ಟಿಕೆಟು ತೆಗೆಸಬೇಕು ಎಂಬುದು ಅವರ ವಾದವಾಗಿತ್ತು.

ಒಮ್ಮೆ ಪೇಂಟರಿಗೆ ಜ್ವರ ಬಂದು, ಅವಸರದ ಮಾಲೀಕನೊಬ್ಬ ಹೆಸರು ಬರೆಸದೆ ಲಾರಿ ಒಯ್ದುಬಿಟ್ಟ. ದಸ್ತಗೀರಸಾಬರು ಬಣ್ಣದ ಡಬ್ಬಿ, ಕುಂಚ ಹಿಡಿದುಕೊಂಡು ಬಸ್ಸು ಹತ್ತಿ ಕುರುಗೋಡಿನಲ್ಲಿ ಆ ಲಾರಿಯನ್ನು ಅಡ್ಡಗಟ್ಟಿ, ಹತ್ತಿಯ ಲೋಡು ತುಂಬುತ್ತಿದ್ದಂತೆಯೇ ಕೆಳಗೆ ಮಂಡಿಯೂರಿ ಕೂತು ಸ್ವತಃ ಬರೆದುಬಂದರು. ಅಕ್ಷರ ಸೊಟ್ಟಗಾಗಿದ್ದವು. ಹೆಂಡತಿ ಚಾಂದಬೀ ಇದನ್ನು ಕೇಳಿ, "ನಿಕಾಹ್‌ದ ದಿನ ಸಹಿ ಮಾಡಾಕ ಇಷ್ಟು ಅವಸರ ಮಾಡಿದ್ದಿಲ್ಲ ನೀವು" ಅಂದಳು. ಚಾಂದಬೀಯ ಬಾಯಿಗೆ ಇಡೀ ಪೇಟೆಯೇ ಅಂಜುತ್ತಿತ್ತು. ದಸ್ತಗೀರಸಾಬರು ಅಂಜಿ ಅಂಜಿ ಅಭ್ಯಾಸವಾಗಿ ಅಂಜುವುದನ್ನು ಬಿಟ್ಟಿದ್ದರು.

ಆಮೇಲೆ ಕಬ್ಬಿಣದ ಅದಿರಿನ ಕೆಂಪು ಮಣ್ಣಿಗೆ ಚೀನಾದಲ್ಲಿ ಗಿರಾಕಿ ಹುಟ್ಟಿತು. ಬಳ್ಳಾರಿಗೆ ಲಾರಿಗಳು ಬಂದವು ನೋಡಿ, ಹಿಂಡು ಹಿಂಡಾಗಿ ಬಂದವು. ರಸ್ತೆ ದಾಟಲು ಜನ ಅರ್ಧ ಗಂಟೆ ಕಾಯಬೇಕಾಯಿತು. ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕೆಂಪಾಗಿ ಮನೆಗೆ ಬರತೊಡಗಿತು. ದಸ್ತಗೀರಸಾಬರ ನಸೀಬು ಖುಲಾಯಿಸಿತು ಎಂದು ಎಲ್ಲರೂ ಅಂದರು. ಅವರೂ ನಂಬಿ ಎರಡು ಹೊಸ ಗರಗಸ ತರಿಸಿದರು. ಆದರೆ ಬಂದ ಲಾರಿಗಳೆಲ್ಲ ಟಿಪ್ಪರುಗಳು. ಹುಟ್ಟುತ್ತಲೇ ಕಬ್ಬಿಣದ ಮೈ ತೊಟ್ಟು ಬಂದವು. ಅದಿರಿನ ಕಲ್ಲಿಗೆ ಮರದ ಹಲಗೆ ಒಂದು ತಿಂಗಳೂ ತಡೆಯುವುದಿಲ್ಲ. ಹೀಗಾಗಿ ಊರು ಹುಟ್ಟಿದಂದಿನಿಂದ ಕಾಣದಷ್ಟು ಲಾರಿಗಳು ಬಂದ ವರ್ಷವೇ ಲಾರಿ ಬಾಡಿ ಕಟ್ಟುವವರ ಶೆಡ್ಡು ಖಾಲಿ ಬಿತ್ತು.

ಹೊಟ್ಟೆಪಾಡಿಗೆ ತೊಂದರೆಯಾಗಲಿಲ್ಲ. ಹೋಟೆಲಿನ ಬೆಂಚು, ಜೀನ್ಸ್ ಹೊಲಿಯುವವರ ಮೇಜು, ಹೊಸ ಶ್ರೀಮಂತರ ಮನೆಯ ದೇವರ ಮಂಟಪ ಎಂದು ಕೆಲಸ ಸಿಗುತ್ತಿತ್ತು. ಆದರೆ ಬೆಂಚಿನ ಬೆನ್ನ ಮೇಲೆ ಹೆಸರು ಬರೆಯುವ ಪದ್ಧತಿ ಎಲ್ಲಿದೆ? ದಸ್ತಗೀರಸಾಬರು ಸಂಜೆ ಹೊತ್ತು ಮೋತಿ ಸರ್ಕಲ್ಲಿನ ಬದಿಗೆ ನಿಂತು ಹೋಗುವ ಬರುವ ಗಾಡಿಗಳ ಬೆನ್ನು ನೋಡುತ್ತಿದ್ದರು. ಮೊದಮೊದಲು ಅವರ ಹೆಸರಿನ ಏಳು ಲಾರಿ ಕಾಣುತ್ತಿದ್ದವು. ಬರುಬರುತ್ತ ಮೂರಾದವು, ಆಮೇಲೆ ಒಂದು. ಸಿರುಗುಪ್ಪದ ಅಕ್ಕಿ ಗಿರಣಿಯ ಆ ಒಂದೂ ಗುಜರಿಗೆ ಹೋದ ಸುದ್ದಿ ಬಂದ ದಿನ ಅವರು ಊಟ ಬಿಟ್ಟರು.

"ಇನ್ನ ನಾನು ಇದ್ರೂ ಸತ್ರೂ ರಸ್ತಿಗೆ ಗೊತ್ತಾಗಂಗಿಲ್ಲ."

"ರಸ್ತಿಗೆ ಯಾಕ ಗೊತ್ತಾಗಬೇಕು? ನನಗ ಗೊತ್ತಾಗತೈತಿ. ಸಾಲದೇನು?" ಅಂದಳು ಚಾಂದಬೀ.

ಸಾಲದು ಎಂದು ಹೆಂಡತಿಯ ಮುಂದೆ ಹೇಳುವಂತಿಲ್ಲ. ಆದರೆ ನಿಜವಾಗಿ ಅವರಿಗೆ ಅದು ಸಾಲದು. ಕಣ್ಣು ಮುಚ್ಚುವುದರೊಳಗೆ ಇನ್ನೊಂದು, ಒಂದೇ ಒಂದು ಗಾಡಿಗೆ ಮೈ ಕಟ್ಟಿ ಅದರ ಬೆನ್ನಿಗೆ ತಮ್ಮ ಹೆಸರು ಹಾಕಿ ರಸ್ತೆಗೆ ಬಿಡಬೇಕು ಎಂಬುದಷ್ಟೇ ಅವರ ಆಸೆ. ಹಜ್ಜಿಗೆ ಹೋಗುವ ಆಸೆ ಕೂಡ ಅದರ ಹಿಂದೆ ಪಾಳಿಯಲ್ಲಿ ನಿಂತಿತ್ತು.

ಆಗ ಬಂದವನು ಕುರುಗೋಡಿನ ಚಂದ್ರಣ್ಣ. ಐದು ವರ್ಷದ ಹಿಂದೆ ಪಂಪುಸೆಟ್ಟು ರಿಪೇರಿ ಮಾಡಿಕೊಂಡಿದ್ದವನು, ಈಗ ನಲವತ್ತು ಟಿಪ್ಪರುಗಳ ಧಣಿ. ದುಡ್ಡು ಬಂದಿತ್ತು, ಬಂಗಲೆ ಬಂದಿತ್ತು, ವಿದೇಶದ ಕಾರು ಬಂದಿತ್ತು. ಆದರೆ ಇವೆಲ್ಲ ಪಕ್ಕದ ಓಣಿಯವನಿಗೂ ಬಂದಿದ್ದವು. ಎದುರು ಮನೆಯವನಂತೂ ಹೆಲಿಕಾಪ್ಟರಿನ ಮಾತಾಡುತ್ತಿದ್ದ. ಇವರೆಲ್ಲರಿಗಿಂತ ತಾನು ಒಂದು ಕೈ ಮೇಲು ಅನ್ನಿಸಿಕೊಳ್ಳಲು ಚಂದ್ರಣ್ಣನಿಗೆ ಕೊರತೆಯಾಗಿದ್ದು ಒಬ್ಬ ದೊಡ್ಡ ತಾತನದ್ದು. ಅವನ ತಾತ ಸುಂಕಣ್ಣ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಳ್ಳಾರಿಯ ದಂಡಿನ ಅಡುಗೆಮನೆಗೆ ಕಟ್ಟಿಗೆ ಒಡೆದು ಹಾಕುತ್ತಿದ್ದ. ಇದನ್ನು ಬಂಗಲೆಯ ಗೋಡೆಯ ಮೇಲೆ ತೂಗುಹಾಕುವಂತಿರಲಿಲ್ಲ.

ಹಾಗಿರುವಾಗ ಸಿರುಗುಪ್ಪದ ಹಂಪಯ್ಯನವರ ಅಕ್ಕಿ ಗಿರಣಿಯ ಹಿತ್ತಿಲಲ್ಲಿ ಮಿಲಿಟರಿಯ ಹಳೇ ಗಾಡಿಯೊಂದು ಬಿದ್ದಿದೆ ಎಂದು ಚಂದ್ರಣ್ಣನ ಕಿವಿಗೆ ಬಿತ್ತು. ದಸ್ತಗೀರಸಾಬರನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೋದ. ನೋಡಿದರೆ ಅದು ಸ್ಟೇಷನ್ ವ್ಯಾಗನ್. ಮೂತಿಯಷ್ಟು ಕಬ್ಬಿಣ, ಮುಂದಿನ ಗಾಜಿನಿಂದ ಹಿಂದಕ್ಕೆ ಪೂರಾ ಮರ. ಗಾಲಿ ಹಚ್ಚಿದ ಕಪಾಟಿನಂತೆ ಇತ್ತು. ಒಳಗೆ ಕೋಳಿಗಳು ಸಂಸಾರ ಹೂಡಿದ್ದವು. ಬಾಗಿಲ ಮೇಲೆ ಹಂಪಯ್ಯನವರ ತಂದೆ ಬಳಿಸಿದ ನೀಲಿ ಬಣ್ಣ ಎದ್ದುಹೋಗಿ, ಕೆಳಗಿನ ಮಿಲಿಟರಿ ಹಸಿರೂ ಅರ್ಧ ಅಳಿಸಿದ ನಂಬರೂ ಇಣುಕುತ್ತಿದ್ದವು.

"ಯುದ್ಧಕ್ಕ ಹೋಗಿತ್ತೇನ್ರಿ ಇದು?" ಎಂದು ಚಂದ್ರಣ್ಣ ಕೇಳಿದ.

ಎಂಬತ್ತು ದಾಟಿದ ಹಂಪಯ್ಯನವರಿಗೆ ಯಾರನ್ನೂ ಮೆಚ್ಚಿಸುವ ಗರಜು ಇರಲಿಲ್ಲ. "ಯುದ್ಧ ಎಲ್ಲೀದು. ಬಳ್ಳಾರ್ಯಾಗ ಇಟಲಿ ಕೈದಿಗಳ ಕ್ಯಾಂಪ್ ಇತ್ತಲ್ಲ, ಅಲ್ಲಿಗೆ ಬ್ರೆಡ್ಡು ತತ್ತಿ ಸಾಗಸ್ತಿತ್ತು. ಯುದ್ಧ ಮುಗಿದ ಮ್ಯಾಲೆ ಹರಾಜಿನಾಗ ನಮ್ಮಪ್ಪ ಹಿಡದ. ನಾವು ತವುಡು ಸಾಗಿಸಿದ್ವಿ. ಈಗ ಕೋಳಿ ಅದಾವು. ನೋಡ್ರಿ, ತತ್ತಿ ಮಾತ್ರ ಬಿಟ್ಟಿಲ್ಲ ಗಾಡಿ."

ಚಂದ್ರಣ್ಣ ಇದಿಷ್ಟನ್ನೂ ಕೇಳಿಸಿಕೊಂಡು, ಕಾರಿಗೆ ಬರುವಷ್ಟರಲ್ಲಿ ಸರಿಪಡಿಸಿಕೊಂಡ. ಬ್ರಿಟಿಷ್ ಜನರಲ್ ಒಬ್ಬ ಈ ಗಾಡಿಯಲ್ಲಿ ರಣರಂಗ ಸುತ್ತಿದ್ದ, ಹೋಗುವಾಗ ತನ್ನ ಪ್ರಾಣಸ್ನೇಹಿತ ಸುಂಕಣ್ಣನಿಗೆ ಅದನ್ನು ಕೊಟ್ಟುಹೋದ ಎಂದಾಯಿತು. ಗಾಡಿ ಕೊಂಡದ್ದೂ ಆಯಿತು.

"ಸಾಬ್, ಬರೋ ವರ್ಷ ಬಳ್ಳಾರ್ಯಾಗ ಹಳೇ ಗಾಡಿಗಳ ಪ್ರದರ್ಶನ ಐತಿ. ಇದನ್ನ ನೀವು ಮಾಡಬೇಕು, ಆದ್ರ ಯಾರೂ ಮಾಡಿಲ್ಲ ಅನ್ನಂಗ ಕಾಣಬೇಕು. ಕಂಪನಿಯಿಂದ ಬಂದಂಗೇ ಇರೋ ಗಾಡಿಗೆ ಮಾತ್ರ ಸರ್ಟಿಫಿಕೇಟ್ ಕೊಡ್ತಾರಂತ."

"ಬೆನ್ನಿನ ಮ್ಯಾಲೆ ಹೆಸರು, ಧಣಿ?"

"ಅದೊಂದು ಬ್ಯಾಡ. ಎಲ್ಲೂ ಪೆನ್ಸಿಲ್ ಗೀಟು ಸೈತ ಇರಬಾರದು. ಪ್ರದರ್ಶನ ಮುಗೀಲಿ, ಆಮ್ಯಾಲೆ ನಿಮ್ಮ ಹೆಸರಿಗೆ ಏನು ಮಾಡಬೇಕೋ ನಾನು ಮಾಡ್ತೀನಿ. ಚಂದ್ರಣ್ಣನ ಮಾತು ಇದು."

ದಸ್ತಗೀರಸಾಬರು ಒಲ್ಲೆ ಎಂದು ಹೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಕೈ ಹೋಗಿ ಗಾಡಿಯ ಮೂಲೆಯ ಕಂಬದ ಮೇಲೆ ಕೂತಿತು. ಎರಡು ಮರ ಕೂಡಿದ ಜಾಗ ಬೆರಳಿಗೆ ಸಿಗಲಿಲ್ಲ. ಯಾವ ದೇಶದ ಯಾವ ಬಡಗಿಯೋ, ಬ್ರೆಡ್ಡು ಸಾಗಿಸುವ ಗಾಡಿಗೆ ಇಷ್ಟು ಜೀವ ಸುರಿದಿದ್ದ. ಅವನ ಹೆಸರೂ ಎಲ್ಲಿಯೂ ಇರಲಿಲ್ಲ. ಇಂಥದ್ದನ್ನು ಕೋಳಿಗಳಿಗೆ ಬಿಟ್ಟುಹೋಗಲು ಅವರಿಂದ ಆಗಲಿಲ್ಲ.

ಕುರುಗೋಡಿನಲ್ಲಿ ಚಂದ್ರಣ್ಣನ ಶೆಡ್ಡಿನಲ್ಲಿ ಒಂಬತ್ತು ತಿಂಗಳು ಕೆಲಸ ನಡೆಯಿತು. ಇಂಜಿನ್ನಿನ ಕಡೆಯದನ್ನು ಹೈದರಾಬಾದಿನಿಂದ ಬಂದ ಮೇಸ್ತ್ರಿಗಳು ನೋಡಿಕೊಂಡು ಹೋದರು. ಮರದಲ್ಲಿ ಮುಂದಿನ ಎರಡು ಕಂಬ ಬಿಟ್ಟರೆ ಉಳಿದದ್ದೆಲ್ಲ ಗೆದ್ದಲು ತಿಂದ ಪುಡಿ. ದಸ್ತಗೀರಸಾಬರು ಹೊಸ ಮರ ಮುಟ್ಟಲಿಲ್ಲ. ಹೊಸ ಮರ ಬಳ್ಳಾರಿಯ ಬಿಸಿಲಿಗೆ ಸೊಟ್ಟಾಗುತ್ತದೆ. ರಾರಾವಿಯಲ್ಲಿ ಹಳೇ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟುತ್ತಿದ್ದವರ ಬಳಿಗೆ ಹೋಗಿ, ನೂರು ವರ್ಷ ಹೊಗೆ ಕುಡಿದು ಕಲ್ಲಾಗಿದ್ದ ತೇಗದ ತೊಲೆಗಳನ್ನು ಆರಿಸಿ ತಂದರು. ಗಾಡಿಗಿಂತ ಅದರ ಮರವೇ ಹಿರಿಯದಾಯಿತು. ಚಾವಣಿಯ ಬಾಗಿದ ಪಟ್ಟಿಗಳದ್ದು ದೊಡ್ಡ ಫಜೀತಿ. ಮರವನ್ನು ಹಬೆಯಲ್ಲಿ ಬೇಯಿಸದೆ ಬಾಗಿಸಲಾಗದು, ಅಷ್ಟು ಹಬೆ ಎಲ್ಲಿ ತರುವುದು? ಕೊನೆಗೆ ಹಂಪಯ್ಯನವರನ್ನೇ ಕೇಳಿ, ಗಿರಣಿಯಲ್ಲಿ ಭತ್ತ ಬೇಯಿಸುವ ತೊಟ್ಟಿಯೊಳಗೆ ಭತ್ತದ ಜೊತೆಗೇ ಪಟ್ಟಿಗಳನ್ನೂ ಇಟ್ಟು ಬೇಯಿಸಿದರು. ಬಿಸಿಯಿರುವಾಗಲೇ ಬಾಗಿಸಿ ಕಟ್ಟಿಹಾಕಿದರು. ಪಟ್ಟಿಗಳು ಹೇಳಿದ ಮಾತು ಕೇಳಿದವು. ಬೆಂದ ಭತ್ತದ ವಾಸನೆ ಮಾತ್ರ ಮರದೊಳಗೆ ಉಳಿದುಹೋಯಿತು.

ಮಾತು ಕೊಟ್ಟಿದ್ದಾಯಿತಲ್ಲ, ಹೆಸರಿನ ಗುರುತು ಎಲ್ಲಿಯೂ ಬಿಡಲಿಲ್ಲ. ಕೂಡಿಕೆಯ ಒಳಗೆ, ಯಾರಿಗೂ ಎಂದೂ ಕಾಣದ ಕಡೆ ಬಡಗಿಗಳು ಹಾಕಿಕೊಳ್ಳುವ ಪೆನ್ಸಿಲ್ ಗೀಟನ್ನು ಕೂಡ ಉಜ್ಜಿ ತೆಗೆದರು. ಇದು ಪ್ರಾಮಾಣಿಕತೆಯೋ ಹುಚ್ಚೋ ಎಂದು ಕೇಳಿದರೆ ನಾನು ಎರಡೂ ಅಂತೇನೆ.

ಮುಗಿಯುವ ಹೊತ್ತಿಗೆ ಚಾಂದಬೀ ಬಂದು ನೋಡಿದಳು. ಸುತ್ತ ಒಂದು ಸುತ್ತು ಹಾಕಿದಳು, ಹಿಂದಿನ ಸೀಟಿನಲ್ಲಿ ಕೂತಳು, ಬಾಗಿಲನ್ನು ಎರಡು ಸಲ ತೆಗೆದು ಹಾಕಿದಳು. ಬಾಗಿಲು ಸದ್ದಿಲ್ಲದೆ ಕೂತಿತು. "ಚಲೋ ಐತಿ" ಅಂದಳು. ಮದುವೆಯಾದ ಮೂವತ್ತು ವರ್ಷದಲ್ಲಿ ಈ ಮಾತು ಅವಳ ಬಾಯಿಂದ ಬಿದ್ದದ್ದು ಅದೇ ಮೊದಲು. ದಸ್ತಗೀರಸಾಬರಿಗೆ ಕಣ್ಣು ತುಂಬಿ ಬಂತು, ಮರದ ಹುಡಿ ಬಿತ್ತು ಎಂದು ಒರೆಸಿಕೊಂಡರು.

"ನಿಮ್ಮ ಹೆಸರು ಎಲ್ಲೈತಿ?"

"ಆಮ್ಯಾಲೆ."

"ಆಮ್ಯಾಲೆ ಅಂದೋರು ಯಾರು, ನೀವೋ ಅವನೋ?"

ದಸ್ತಗೀರಸಾಬರು ಅರಿವೆ ತೆಗೆದುಕೊಂಡು ಬಾಗಿಲ ಮೇಲಿನ ಧೂಳು ಒರೆಸತೊಡಗಿದರು.

ಪ್ರದರ್ಶನದ ದಿನ ಮೈದಾನದಲ್ಲಿ ಹಗ್ಗ ಕಟ್ಟಿದ್ದರು. ಹಗ್ಗದ ಒಳಗೆ ಗಾಡಿಗಳೂ ಧಣಿಗಳೂ, ಹೊರಗೆ ಜನ. ದಸ್ತಗೀರಸಾಬರು ಜನದಲ್ಲಿದ್ದರು. ಬ್ರಿಟಿಷ್ ಜನರಲ್ ಮತ್ತು ಸುಂಕಣ್ಣ ಕೈ ಕುಲುಕುತ್ತಿರುವ ದೊಡ್ಡ ಚಿತ್ರವನ್ನು ಚಂದ್ರಣ್ಣ ಬರೆಸಿ ನಿಲ್ಲಿಸಿದ್ದ. ಚಿತ್ರದ ಸುಂಕಣ್ಣನ ತಲೆಗೆ ಜರಿ ರುಮಾಲು ಬಂದಿತ್ತು. ದೊಡ್ಡ ಊರಿನಿಂದ ಬಂದ, ಟೊಪ್ಪಿಗೆ ಹಾಕಿದ ತೀರ್ಪುಗಾರರು ಭೂತಗನ್ನಡಿ ಹಿಡಿದು ಅರ್ಧ ಗಂಟೆ ಗಾಡಿಯನ್ನು ಶೋಧಿಸಿದರು. ಮರಕ್ಕೆ ಗುದ್ದಿ ಕಿವಿಗೊಟ್ಟರು. ಕಂಬವನ್ನು ಮೂಸಿದರು. ಮೂಸಿ ಕಣ್ಣು ಮುಚ್ಚಿದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೈಕಿನವನು ಕನ್ನಡ ಮಾಡಿದ: ಈ ಮರಕ್ಕೆ ವಿದೇಶದ ತಂಪು ಕಾಡುಗಳ ಪರಿಮಳವಿದೆ, ಇದು ನಮ್ಮ ನೆಲದ್ದಲ್ಲ, ಮತ್ತು ಇಂಥ ಕೂಡಿಕೆ ನಮ್ಮ ದೇಶದವರ ಕೈಯಿಂದ ಆಗುವ ಮಾತಲ್ಲ. ಮೊದಲನೆಯ ಬಹುಮಾನ. ಜೊತೆಗೆ, 'ಇಂದಿನವರೆಗೆ ಯಾರ ಕೈಯೂ ತಾಗದ ಮೂಲ ಮರದ ಮೈ' ಎಂದು ದಪ್ಪ ಕಾಗದದ ಮೇಲೆ ಸರ್ಟಿಫಿಕೇಟು.

ಸಿರುಗುಪ್ಪದ ಭತ್ತದ ವಾಸನೆಗೆ ಇಷ್ಟು ಮರ್ಯಾದೆ ಅದಕ್ಕೆ ಮುಂಚೆಯೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ. ದಸ್ತಗೀರಸಾಬರು ಹಗ್ಗದ ಹೊರಗೆ ನಿಂತು ಚಪ್ಪಾಳೆ ತಟ್ಟಿದರು. ಹೆಮ್ಮೆಯೂ ಬಂತು, ಸಿಟ್ಟೂ ಬಂತು.

ಚಂದ್ರಣ್ಣ ಕೆಟ್ಟವನಲ್ಲ, ಅದೇ ಬಂದ ತೊಂದರೆ. ಕೊಟ್ಟ ಮಾತು ಅವನಿಗೆ ನೆನಪಿತ್ತು. ವಾರ ಕಳೆಯುವುದರೊಳಗೆ ದಸ್ತಗೀರಸಾಬರನ್ನು ಶೆಡ್ಡಿಗೆ ಕರೆಸಿ, ಸಾಲಾಗಿ ನಿಂತ ಟಿಪ್ಪರುಗಳ ಹಿಂದೆ ನಿಲ್ಲಿಸಿದ. ನಲವತ್ತು ಕಬ್ಬಿಣದ ಬೆನ್ನುಗಳ ಮೇಲೂ, ಬೆಳಕು ಬಿದ್ದರೆ ಮಿಂಚುವ ಸ್ಟಿಕ್ಕರಿನಲ್ಲಿ, ಮೊಳದುದ್ದದ ಅಕ್ಷರಗಳಲ್ಲಿ, 'ಬಾಡಿ: ದಸ್ತಗೀರಸಾಬ್, ಬಳ್ಳಾರಿ'.

"ಹೆಂಗೈತಿ ಸಾಬ್? ಒಂದು ಕೇಳಿದ್ರಿ, ನಲವತ್ತು ಕೊಟ್ಟೀನಿ."

"ಧಣಿ, ಇವನ್ನ ನಾನು ಕಟ್ಟಿಲ್ಲ."

"ಅದನ್ನ ಕಟ್ಟೀರಿ, ಹೆಸರಿಲ್ಲ. ಇವನ್ನ ಕಟ್ಟಿಲ್ಲ, ಹೆಸರೈತಿ. ಎರಡೂ ಕೂಡಿಸಿದ್ರ ಸರಿ ಹೋತಲ್ಲ."

ಚಂದ್ರಣ್ಣನ ಮುಖದಲ್ಲಿ ಅಪ್ಪಟ ಸಂತೋಷವಿತ್ತು. ಮಗಳಿಗೆ ಒಡವೆ ಮಾಡಿಸಿದವನ ಸಂತೋಷ. ಅಂಥ ಮುಖದ ಎದುರಿಗೆ ಏನು ಹೇಳುವುದು? ತಮ್ಮ ಕಸುಬಿಗೆ ಕಲ್ಲು ಹಾಕಿದ ಆ ಕಬ್ಬಿಣದ ಬೆನ್ನುಗಳ ಮೇಲೇ ತಮ್ಮ ಹೆಸರನ್ನು ಓದಿಕೊಂಡು ದಸ್ತಗೀರಸಾಬರು ಸಲಾಮು ಹೇಳಿ ಬಂದರು.

ಅಲ್ಲಿಂದ ಅವರ ಹೆಸರು ಬಳ್ಳಾರಿ ಜಿಲ್ಲೆಯ ಮೂಲೆ ಮೂಲೆಗೂ ಧೂಳೆಬ್ಬಿಸಿತು. ಟಿಪ್ಪರುಗಳು ಎರಡು ಪಟ್ಟು ಅದಿರು ತುಂಬಿಕೊಂಡು, ಹೊದಿಕೆ ಇಲ್ಲದೆ, ಹಗಲೆಲ್ಲ ಹಾರಿದವು. ಎದುರಿಗೆ ಬರುವ ಗಾಡಿಯ ಮಾಲೀಕ ಯಾರು ಎಂದು ಯಾರೂ ನೋಡುವುದಿಲ್ಲ. ಬೈಯಬೇಕೆನ್ನಿಸುವುದು ಗಾಡಿ ದಾಟಿಹೋದ ಮೇಲೆ, ಆಗ ಕಾಣುವುದು ಬೆನ್ನು. ಕುರುಗೋಡು ಕ್ರಾಸಿನಲ್ಲಿ ಚಹಾದಂಗಡಿ ಇಟ್ಟ ದುರುಗಮ್ಮ ಒಂದು ದಿನ ಅವರನ್ನು ನಿಲ್ಲಿಸಿ ತನ್ನ ಒಣಹಾಕಿದ ಜೋಳ ತೋರಿಸಿದಳು. ಜೋಳ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

"ನಿಮ್ಮ ಲಾರಿ ಮಾಡಿದ್ದು ಇದು, ಸಾಬಣ್ಣ."

"ಅವು ನನ್ನವಲ್ಲವ್ವಾ."

"ನಿಮ್ಮವಲ್ಲಂದ್ರ ನಿಮ್ಮ ಹೆಸರು ಯಾಕ ಬರಸೀರಿ? ನನ್ನ ಮಗಳು ಸಾಲಿ ಕಲ್ತಾಳ, ಓದಿ ಹೇಳ್ಯಾಳ."

ಹೆಸರು ತೆಗೆಸಿರೆಂದು ದಸ್ತಗೀರಸಾಬರು ಚಂದ್ರಣ್ಣನನ್ನು ಕೇಳಿಕೊಂಡರು. ಚಂದ್ರಣ್ಣ ಬೆಚ್ಚಿಬಿದ್ದ. ಬೆನ್ನಿನ ಹೆಸರು ಅಳಿಸಿದರೆ ಕಟ್ಟಿದವನಿಗೆ ಅವಮಾನ ಎಂದು ಅವನಿಗೆ ಹೇಳಿಕೊಟ್ಟವರು ಯಾರು? ಇವರೇ. "ಆ ಪಾಪ ನನಗ ಬ್ಯಾಡ ಸಾಬ್" ಎಂದು ಕೈ ಮುಗಿದುಬಿಟ್ಟ. ಹೆಸರಿಗಾಗಿ ಇಡೀ ಆಯುಸ್ಸು ಹಂಬಲಿಸಿದವರು ಈಗ ಮೋತಿ ಸರ್ಕಲ್ಲಿಗೆ ಹೋಗುವುದನ್ನೇ ಬಿಟ್ಟರು.

ಎರಡು ವರ್ಷ ಹೀಗೆ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಸರ್ಕಾರಕ್ಕೆ ಎಚ್ಚರವಾಯಿತು. ಗಣಿಗಳ ಬಾಗಿಲು ಬಿದ್ದವು. ಚಂದ್ರಣ್ಣನಿಗೆ ಎದೆನೋವು ಕಾಣಿಸಿಕೊಂಡು, ದೂರದ ಆಸ್ಪತ್ರೆಯೊಂದರಲ್ಲಿ ಒಳ್ಳೆಯ ಕೋಣೆ ಹಿಡಿದ. ಟಿಪ್ಪರುಗಳೂ ಮರದ ಗಾಡಿಯೂ ಜಪ್ತಿಯಾದವು. ತನಿಖೆಯವರು ಟಿಪ್ಪರುಗಳ ಕಾಗದ ತೆಗೆದು ನೋಡಿದರೆ ನಲವತ್ತು ಗಾಡಿಗೆ ನಲವತ್ತು ಹೆಸರು, ಒಬ್ಬನೂ ಭೂಮಿಯ ಮೇಲೆ ಇರುವ ಮನುಷ್ಯನಲ್ಲ. ಬದುಕಿರುವವನ ಹೆಸರು ಸಿಕ್ಕಿದ್ದು ಗಾಡಿಗಳ ಬೆನ್ನ ಮೇಲೆ ಮಾತ್ರ. ದಸ್ತಗೀರಸಾಬರಿಗೆ ನೋಟೀಸು ಬಂತು.

ಚಾಂದಬೀ ಬುತ್ತಿ ಕಟ್ಟಿಕೊಂಡು ಜೊತೆಗೆ ಹೊರಟಳು. ಒಳಗೆ ಹಾಕಿದರೆ ಊಟಕ್ಕಿರಲಿ ಎಂದು ಎರಡು ರೊಟ್ಟಿ ಹೆಚ್ಚಿಗೆ ಇಟ್ಟಿದ್ದಳು. ಅಧಿಕಾರಿ ಮೈಸೂರು ಕಡೆಯವರು, ಸಣ್ಣ ವಯಸ್ಸು, ಒಳ್ಳೆಯ ಮಾತು. ಪಕ್ಕದಲ್ಲಿ ಟೈಪು ಮಾಡುವ ಗುಮಾಸ್ತ. ದಸ್ತಗೀರಸಾಬರು ಲಾರಿ ಬಾಡಿಯ ಪದ್ಧತಿಯನ್ನು ಮೊದಲಿನಿಂದ ಬಿಡಿಸಿ ಹೇಳಿದರು. ತಾವು ಬಡಗಿ, ಕಬ್ಬಿಣದ ಕೆಲಸ ಬಾರದು, ಆ ನಲವತ್ತರಲ್ಲಿ ಒಂದು ಬೋಲ್ಟನ್ನೂ ತಾವು ತಿರುಗಿಸಿಲ್ಲ ಎಂದರು. ಅವರ ಕೈ ನೋಡಿದ ಅಧಿಕಾರಿ ನಂಬಿದರು. ಆ ಕೈ ನೋಡಿದ ಯಾರೇ ಆದರೂ ನಂಬುತ್ತಿದ್ದರು.

"ಸರಿ, ಟಿಪ್ಪರ್ ವಿಷಯ ಮುಗೀತು. ಇನ್ನೊಂದಿದೆ. ಆ ಮರದ ವ್ಯಾಗನ್. ನೀವು ಒಂಬತ್ತು ತಿಂಗಳು ಅದರ ಜೊತೆ ಶೆಡ್ಡಿನಲ್ಲಿದ್ರಿ ಅಂತ ಅಲ್ಲಿನ ವಾಚ್‌ಮನ್ ಹೇಳ್ತಾನೆ. ಅದನ್ನ ಕಟ್ಟಿದ್ದು ನೀವಾ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ದಸ್ತಗೀರಸಾಬರಿಗೆ ಒಬ್ಬರೂ ಕೇಳಿರಲಿಲ್ಲ. ಈಗ ಸರ್ಕಾರವೇ ಕೇಳುತ್ತಿದೆ, ಹೌದು ಅಂದರೆ ಟೈಪು ಮಾಡಿ ಮೊಹರು ಹಾಕಿ ಇಟ್ಟುಕೊಳ್ಳುತ್ತದೆ. ಸ್ಟಿಕ್ಕರು ಕಿತ್ತುಹೋಗಬಹುದು, ಸರ್ಕಾರದ ಫೈಲು ಎಲ್ಲಿ ಹೋಗುತ್ತದೆ?

"ಹೌದು ಅಂದ್ರ ಏನಾಗತೈತ್ರಿ, ಸಾಹೇಬ್ರ?"

ಅಧಿಕಾರಿ ಮುಚ್ಚುಮರೆ ಮಾಡದೆ ಹೇಳಿದರು. "ನಿಮಗೆ ಏನೂ ಆಗಲ್ಲ. ಕೂಲಿ ಕೆಲಸ ಮಾಡಿದ್ದೀರಿ, ಅಷ್ಟೇ. ಆದರೆ ಸರ್ಟಿಫಿಕೇಟ್ ಸುಳ್ಳು ಅಂತ ಆಗುತ್ತೆ. ಮುಂದಿನ ತಿಂಗಳು ಹರಾಜು. ಹಳೇ ಗಾಡಿಗಳ ಮ್ಯೂಸಿಯಂನೋರು ಒಬ್ಬರು ಬಂದು ನೋಡಿಕೊಂಡು ಹೋಗಿದ್ದಾರೆ. ಒರಿಜಿನಲ್ ಆದರೆ ಹಾಗೇ ಪೂರ್ತಿ ತಗೊಂಡು ಗಾಜಿನ ಮನೇಲಿ ಇಡ್ತಾರಂತೆ. ಡೂಪ್ಲಿಕೇಟ್ ಆದರೆ ಇಂಜಿನ್ನು ಚಾಸಿ ಬಿಚ್ಚಿಕೊಂಡು ಹೋಗ್ತಾರಂತೆ. ಮರ ಅವರಿಗೆ ಬೇಡ."

"ಬ್ಯಾಡ ಅಂದ್ರ?"

"ಸೌದೆ."

ಗುಮಾಸ್ತ ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು ಕಾದ. ದಸ್ತಗೀರಸಾಬರು ತಿರುಗಿ ಚಾಂದಬೀಯ ಕಡೆ ನೋಡಿದರು. ಅವಳು ಗೋಡೆಯ ಬದಿಯ ಬೆಂಚಿನ ಮೇಲೆ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಏನು ಹೇಳಬೇಕೆಂದು ಅವಳ ಮುಖದಲ್ಲಿ ಬರೆದಿರಲಿಲ್ಲ. ರಾರಾವಿಯ ತೊಲೆಗಳು, ಹೇಳಿದ ಮಾತು ಕೇಳಿದ ಆ ಪಟ್ಟಿಗಳು, ಸದ್ದಿಲ್ಲದೆ ಕೂರುವ ಬಾಗಿಲು ಎಲ್ಲ ಅವರ ಕಣ್ಣ ಮುಂದೆ ಬಂದವು. ಹೆಸರು ಬರೆಸಿಕೊಂಡರೆ, ಆ ಹೆಸರಿಗೆ ಉಳಿದ ಒಂದೇ ಒಂದು ಕೆಲಸದ ಮೇಲೆ ಕೊಡಲಿ ಬೀಳುತ್ತದೆ.

"ಇಲ್ರಿ, ನಾನು ಕಟ್ಟಿದ್ದಲ್ಲ" ಅಂದರು.

"ಹಾಗಾದರೆ ಒಂಬತ್ತು ತಿಂಗಳು ಅಲ್ಲಿ ಏನು ಮಾಡ್ತಿದ್ರಿ?"

"ಧೂಳು ಒರಸ್ತಿದ್ದೆ."

ಅಧಿಕಾರಿಗೆ ನಗು ಬಂತು, ಅನುಮಾನವೂ ಬಂತು. "ಒಂಬತ್ತು ತಿಂಗಳು ಧೂಳು ಒರೆಸಿದ್ರಾ? ಏನಮ್ಮಾ, ನೀವು ಹೇಳಿ. ನಿಮ್ಮ ಯಜಮಾನರು ನಿಜ ಹೇಳ್ತಿದ್ದಾರಾ?"

ಚಾಂದಬೀ ಎದ್ದು ನಿಂತಳು. ಗಂಡ ಆ ಹೆಸರಿಗಾಗಿ ಊಟ ಬಿಟ್ಟದ್ದು, ಸೊರಗಿದ್ದು ಎಲ್ಲ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಸೆರಗು ಸರಿಮಾಡಿಕೊಂಡು ಹೇಳಿದಳು: "ಹೌದ್ರಿ ಸಾಹೇಬ್ರ. ಒಂಬತ್ತು ತಿಂಗಳೂ ಒರಸ್ಯಾರ. ಮನ್ಯಾಗ ಒಂದಿನ ಅರಿವಿ ಹಿಡಿದು ಏನೂ ಒರಸಿದವರಲ್ಲ."

ಆ ಸಿಟ್ಟು ಎಷ್ಟು ನಿಜವಾಗಿತ್ತೆಂದರೆ ಅಧಿಕಾರಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಗುಮಾಸ್ತ ಟೈಪು ಮಾಡಿ ಓದಿ ಹೇಳಿದ: ಸದರಿ ಮರದ ವಾಹನವನ್ನು ನಾನು ಕಟ್ಟಿರುವುದಿಲ್ಲ, ಅದರ ಯಾವ ಭಾಗವೂ ನನ್ನ ಕೈಕೆಲಸವಾಗಿರುವುದಿಲ್ಲ, ನಾನು ಅದರ ಧೂಳು ಒರೆಸುತ್ತಿದ್ದೆನು. ದಸ್ತಗೀರಸಾಬರು ಕೊನೆಯವರೆಗೆ ತಲೆ ತಗ್ಗಿಸಿ ಕೇಳಿದರು.

"ಎಲ್ಲ ಸರಿ ಇದೆಯಾ?"

"ಸರಿ ಐತ್ರಿ. ಹರಾಜು ಆಗೋತನ ಅದನ್ನ ಮಳ್ಯಾಗ ನೆನ್ಯಾಕ ಬಿಡಬ್ಯಾಡ್ರಿ ಅಂತ ಒಂದು ಮಾತು ಸೇರಿಸಿ ಬರಕೊಳ್ರಿ."

"ಅದು ನಿಮಗ್ಯಾಕೆ ಸಾಬ್ರೆ?"

"ಒರಸಿದಾವಗ ಅಷ್ಟು ಕಾಳಜಿ ಇರತೈತ್ರಿ."

ಅಂಥದ್ದನ್ನೆಲ್ಲ ಹೇಳಿಕೆಯಲ್ಲಿ ಬರೆಯುವಂತಿಲ್ಲ ಎಂದ ಗುಮಾಸ್ತ, ಕಾಗದವನ್ನು ಮುಂದೆ ಸರಿಸಿ ಬೆರಳಿಟ್ಟು ಜಾಗ ತೋರಿಸಿದ. ದಸ್ತಗೀರಸಾಬರು ಅಲ್ಲಿ ಸಹಿ ಮಾಡಿದರು.